ಬೆಳಿಗ್ಗೆ ಸಾಲ್ಜ್‌ಬರ್ಗ್, ರಾತ್ರಿ ರೂಮು: ಓದಲು ಹೋದವರು ಊರು ನೋಡುವುದು ಹೇಗೆ?

ಆಗಸ್ಟ್ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯಿಂದ ಜರ್ಮನಿಗೆ ಎಂಎಸ್ ಮಾಡಲು ಹೊರಟವರು ಕೇಳುವುದು ಎರಡೇ ಪ್ರಶ್ನೆ. ಕುಕ್ಕರ್ ಒಯ್ಯಬೇಕಾ? ಯುರೋಪ್ ಪೂರ್ತಿ ನೋಡಿಕೊಂಡು ಬರುವುದು ಹೇಗೆ? ಕುಕ್ಕರ್ ಒಯ್ಯಿರಿ, ಸಣ್ಣದು. ಎರಡನೆಯದಕ್ಕೆ ಉತ್ತರ ಸ್ವಲ್ಪ ಉದ್ದ.

ಪೂರ್ತಿ ನೋಡುವ ಆಸೆಯನ್ನು ಮೊದಲ ವರ್ಷ ಕಟ್ಟಿ ಅಟ್ಟಕ್ಕೆ ಹಾಕಿ. ‘ಏಳು ದಿನ, ಐದು ದೇಶ’ ಅಂತ ಹೋದ ಗೆಳೆಯರು ಬಸ್ಸಿನಲ್ಲಿ ನಿದ್ದೆ ಹೊಡೆದದ್ದೇ ಜಾಸ್ತಿ. ಫೋಟೊ ತೋರಿಸುವಾಗ ಇದು ಪ್ರಾಗೋ ಬುಡಾಪೆಸ್ಟೋ ಅಂತ ಅವರವರೇ ಜಗಳಾಡುತ್ತಿದ್ದರು. ಬೆಳಿಗ್ಗೆ ಹೋಗಿ ರಾತ್ರಿ ರೂಮಿಗೆ ಬರುವ ತಿರುಗಾಟವನ್ನು ಮೊದಲು ಕಲಿಯಿರಿ. ನಾನು ಓದಿದ್ದು ಮ್ಯೂನಿಕ್‌ನಲ್ಲಿ. ಅಲ್ಲಿಂದ ಎರಡು ಗಂಟೆ ದಾರಿಯ ಆಸ್ಟ್ರಿಯಾದ ಊರು ಸಾಲ್ಜ್‌ಬರ್ಗ್. ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

1. ಟಿಕೆಟ್

ಡಾಯ್ಚ್‌ಲಾಂಡ್ ಟಿಕೆಟ್ ತೆಗೆದುಕೊಳ್ಳಿ. ತಿಂಗಳ ಪಾಸ್ ಇದು, ನೀವು ರದ್ದು ಮಾಡುವವರೆಗೂ ತಾನೇ ಮುಂದುವರಿಯುತ್ತದೆ. 2023ರ ಮೇ ತಿಂಗಳಲ್ಲಿ ಶುರುವಾದಾಗ 49 ಯೂರೊ ಇತ್ತು, 2025ಕ್ಕೆ 58 ಆಯಿತು, 2026ರ ಜನವರಿಯಿಂದ 63. ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆಯಾ ಅಂತ ನಿಮ್ಮ ಯೂನಿವರ್ಸಿಟಿಯಲ್ಲಿ ಮೊದಲು ಕೇಳಿ. ಜರ್ಮನಿಯ ಯಾವ ಊರಿನ ಸಿಟಿ ಬಸ್ಸು, ಮೆಟ್ರೊ, ಪ್ಯಾಸೆಂಜರ್ ರೈಲಿಗಾದರೂ ಇದು ನಡೆಯುತ್ತದೆ. ಗಡಿ ದಾಟಿ ಸಾಲ್ಜ್‌ಬರ್ಗ್ ಸ್ಟೇಷನ್‌ವರೆಗೂ ನಡೆಯುತ್ತದೆ. ಅಂದರೆ ಹೋಗಿಬರುವ ಖರ್ಚು ಸೊನ್ನೆ. ಅಲ್ಲಿನ ಸಿಟಿ ಬಸ್ಸಿಗೆ ಮಾತ್ರ ಬೇರೆ ದುಡ್ಡು.

ಇಲ್ಲಿನ ಏಜೆಂಟರು ನೀವು ಹೊರಡುವ ಮುಂಚೆಯೇ ಯುರೇಲ್ ಪಾಸ್ (ಯುರೋಪಿನ ಹಲವು ದೇಶಗಳ ರೈಲಿಗೆ ಒಂದೇ ಪಾಸ್) ಮಾರಲು ಬರುತ್ತಾರೆ. ಬೇಡ ಅನ್ನಿ. ಅದು ಯುರೋಪಿನ ಹೊರಗೆ ಇರುವವರಿಗೆ. ಅಲ್ಲಿ ವಾಸ ಶುರು ಮಾಡಿದ ಮೇಲೆ ನಿಮ್ಮದು ಅದೇ ಥರದ ಇಂಟರ್‌ರೇಲ್ ಪಾಸ್. ಅದೂ ಮೊದಲ ವರ್ಷ ಸುಮ್ನೆ ದಂಡ.

2. ರೈಲು ಹುಡುಕುವುದು

ಆರ್‌ಇ, ಆರ್‌ಬಿ, ಎಸ್ ಅಂತ ಶುರುವಾಗುವ ಪ್ಯಾಸೆಂಜರ್ ರೈಲು ನಿಮ್ಮದು. ಐಸಿಇ, ಐಸಿ, ಇಸಿ ಅನ್ನುವ ದೂರದ ಎಕ್ಸ್‌ಪ್ರೆಸ್ ನಿಮ್ಮದಲ್ಲ. ಜರ್ಮನ್ ರೈಲ್ವೆಯ ಆ್ಯಪ್‌ನಲ್ಲಿ ಡಾಯ್ಚ್‌ಲಾಂಡ್ ಟಿಕೆಟ್ ನಡೆಯುವ ರೈಲನ್ನಷ್ಟೇ ತೋರಿಸು ಅನ್ನುವ ಆಯ್ಕೆ ಇದೆ, ಒತ್ತಿಡಿ. ಒತ್ತದೆ ಪಕ್ಕದ ಪ್ಲಾಟ್‌ಫಾರ್ಮಿನ ವಿಯೆನ್ನಾ ಗಾಡಿ ಹತ್ತಿದರೆ 60 ಯೂರೊ ದಂಡ.

ಇನ್ನೊಂದು ಮಾತು. ಕೆಲವು ಗಾಡಿಗಳು ದಾರಿಯಲ್ಲಿ ಸೀಳುತ್ತವೆ. ಮ್ಯೂನಿಕ್‌ನಿಂದ ಬೆಟ್ಟದ ಕಡೆ ಹೋಗುವ ಗಾಡಿ ಹೋಲ್ಜ್‌ಕಿರ್ಷೆನ್‌ನಲ್ಲಿ ತುಂಡಾಗಿ ಬೇರೆ ಬೇರೆ ಊರಿಗೆ ಹೋಗುತ್ತದೆ. ಕೆರೆ ನೋಡಲು ಹೊರಟ ನಾನು ಒಮ್ಮೆ ಬೆಟ್ಟದ ಬುಡದಲ್ಲಿ ಇಳಿದೆ. ಬೋಗಿಯ ಮೇಲಿನ ಬೋರ್ಡ್ ಓದಿಯೇ ಹತ್ತಿ. ಗುಂತಕಲ್ ಜಂಕ್ಷನ್ನಿನಲ್ಲಿ ಆರಾಮಾಗಿ ಚಹಾ ಕುಡಿದು ಬೆಳೆದವರು ನಾವು. ಜರ್ಮನಿಯಲ್ಲಿ ಗಾಡಿ ಬದಲಿಸಲು ಸಿಗುವುದು ಆರು ನಿಮಿಷ.

3. ಕಾಗದಪತ್ರ

ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ನನ್ನ ರೂಮ್‌ಮೇಟ್ ಸಿಂಧನೂರಿನವನು. ಬಲು ಹುಷಾರಿನ ಹುಡುಗ. ಪಾಸ್‌ಪೋರ್ಟ್ ಕಳೆದುಹೋದೀತು ಅಂತ ಹೆದರಿ ಅದನ್ನು ಸೂಟ್‌ಕೇಸಿನಲ್ಲಿಟ್ಟು, ಬೀಗ ಹಾಕಿ, ಫೋನಿನಲ್ಲಿ ಅದರ ಫೋಟೊ ಇಟ್ಟುಕೊಂಡು ಸಾಲ್ಜ್‌ಬರ್ಗ್‌ಗೆ ಬಂದ. ಹೋಗುವಾಗ ಯಾರೂ ಕೇಳಲಿಲ್ಲ. ವಾಪಸ್ ಬರುವಾಗ, ಜರ್ಮನಿಯ ಮೊದಲ ಸ್ಟೇಷನ್ ಫ್ರೈಲಾಸಿಂಗ್‌ನಲ್ಲಿ ಗಾಡಿ ನಿಂತಿತು. ಪೊಲೀಸರು ಹತ್ತಿದರು. ಇವನು ಫೋನ್ ಮುಂದೆ ಹಿಡಿದ. ಅವರು ಅದನ್ನು ನೋಡಲೇ ಇಲ್ಲ, ‘ಒರಿಜಿನಲ್?’ ಅಂದರು ಅಷ್ಟೇ. ಅವನನ್ನು ಇಳಿಸಿಕೊಂಡರು, ಹಿಂದೆಯೇ ನಾವು ಮೂವರೂ ಇಳಿದೆವು. ಎರಡು ಗಾಡಿ ನಮ್ಮ ಕಣ್ಣೆದುರೇ ಹೋದವು. ಅವರ ಕಂಪ್ಯೂಟರಿನಲ್ಲಿ ಇವನ ವಿವರ ಸಿಕ್ಕಿ, ಬುದ್ಧಿ ಹೇಳಿಸಿಕೊಂಡು, ರೂಮು ಸೇರಿದಾಗ ನಡುರಾತ್ರಿ. ನಾಲ್ಕು ಜನರ ಬುತ್ತಿಯಲ್ಲಿ ಉಳಿದಿದ್ದು ಒಂದು ಬಾಳೆಹಣ್ಣು.

ತಮ್ಮೊಳಗೆ ಗಡಿ ತಪಾಸಣೆ ಬೇಡ ಅಂತ ಒಪ್ಪಿಕೊಂಡ ಯುರೋಪಿನ ದೇಶಗಳ ಕೂಟಕ್ಕೆ ಷೆಂಗೆನ್ ಅನ್ನುತ್ತಾರೆ, ಅವುಗಳ ನಡುವೆ ಗಡಿಯೇ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ ಅಲ್ವಾ? ಆದರೆ ಆಸ್ಟ್ರಿಯಾ ಗಡಿಯಲ್ಲಿ ಜರ್ಮನಿ 2015ರಿಂದಲೇ ತಪಾಸಣೆ ನಡೆಸುತ್ತಿದೆ. 2024ರ ಸೆಪ್ಟೆಂಬರ್‌ನಲ್ಲಿ ಅದನ್ನು ತನ್ನ ಎಲ್ಲ ನೆಲಗಡಿಗಳಿಗೂ ಹರಡಿತು. ಆದ್ದರಿಂದ ಪಾಸ್‌ಪೋರ್ಟ್ ಮತ್ತು ವಾಸದ ಕಾರ್ಡ್ (ರೆಸಿಡೆನ್ಸ್ ಪರ್ಮಿಟ್), ಎರಡೂ ಅಸಲಿ, ಎರಡೂ ಜೊತೆಗೆ. ಕಾರ್ಡ್ ಒಂದೇ ಸಾಕು ಅನ್ನುವವರ ಮಾತು ಕೇಳಬೇಡಿ. ಕತ್ತಿಗೆ ನೇತುಹಾಕುವ ಪ್ರವಾಸಿ ಚೀಲ ಕೊಳ್ಳುವುದೂ ಬೇಡ. ಬೆವರಿಗೆ ಒದ್ದೆಯಾಗುತ್ತದೆ, ಕಳ್ಳರಿಗೆ ವಿಳಾಸ ತೋರಿಸಿದ ಹಾಗೆ. ಜಾಕೆಟ್ಟಿನ ಒಳಜೇಬು, ಅದಕ್ಕೊಂದು ಜಿಪ್.

ಈಗ ನಿಜವಾದ ಕಗ್ಗಂಟು. ನೀವು ಒಯ್ದ ಸ್ಟೂಡೆಂಟ್ ವೀಸಾಕ್ಕೆ ಕೆಲವೇ ತಿಂಗಳ ಆಯಸ್ಸು. ಅದು ಮುಗಿಯುವ ಹೊತ್ತಿಗೆ ವಾಸದ ಕಾರ್ಡ್ ಕೈಗೆ ಬಂದಿರುವುದಿಲ್ಲ. ನಡುವಿನ ಕಾಲಕ್ಕೆ ವಿದೇಶಿಯರ ಕಚೇರಿ ಒಂದು ಕಾಗದ ಕೊಡುತ್ತದೆ. ಹೆಸರು ಫಿಕ್ತ್ಸಿಯೋನ್ಸ್‌ಬೆಶೈನಿಗುಂಗ್. ಹೆಸರು ಬಾಯಿಗೆ ಬರದಿದ್ದರೂ ಚಿಂತೆಯಿಲ್ಲ, ಅದರೊಳಗಿನ ಮೂರು ಚೌಕ ನೋಡಲು ಬಂದರೆ ಸಾಕು. ಗುರುತು ಮೂರನೇ ಚೌಕದಲ್ಲಿದ್ದರೆ ನಿಮ್ಮ ಹಳೆಯ ವೀಸಾ ಮುಂದುವರಿದಿದೆ ಅಂತ ಅರ್ಥ. ಮುಗಿದ ವೀಸಾ ಇರುವ ಪಾಸ್‌ಪೋರ್ಟಿನ ಜೊತೆ ಅದನ್ನು ಹಿಡಿದು ಗಡಿ ದಾಟಿ ಬರಬಹುದು. ಗುರುತು ಒಂದರಲ್ಲೋ ಎರಡರಲ್ಲೋ ಇದ್ದರೆ ಜರ್ಮನಿ ಬಿಟ್ಟು ಹೊರಗೆ ಕಾಲಿಡಬೇಡಿ. ಹೊರಗೆ ಹೋದರೆ ಆ ಕಾಗದ ನಿಮ್ಮನ್ನು ಒಳಗೆ ತರುವುದಿಲ್ಲ. ಕೌಂಟರ್ ಬಿಡುವ ಮುಂಚೆ ಅಲ್ಲೇ ನಿಂತು ಆ ಚೌಕ ನೋಡಿ. ರೂಮಿಗೆ ಬಂದು ನೋಡಿದರೆ ಮತ್ತೆ ಅಪಾಯಿಂಟ್‌ಮೆಂಟ್ ಹಿಂದೆ ಅಲೆದಾಟ.

ದಿನದ ಲೆಕ್ಕವೂ ಇದೆ. ಬೇರೆ ಷೆಂಗೆನ್ ದೇಶಗಳಲ್ಲೆಲ್ಲ ಸೇರಿ 180 ದಿನಗಳಲ್ಲಿ 90 ದಿನ ಇರಬಹುದು. ಜರ್ಮನಿಯಲ್ಲಿರುವ ದಿನಗಳು ಇದಕ್ಕೆ ಸೇರುವುದಿಲ್ಲ. ಬ್ರಿಟನ್, ಐರ್ಲೆಂಡ್ ಈ ಕೂಟದಲ್ಲಿಲ್ಲ, ಅಲ್ಲಿಗೆ ಬೇರೆ ವೀಸಾ ಬೇಕು. ಸ್ವಿಟ್ಜರ್ಲೆಂಡ್ ಕೂಟದಲ್ಲಿದೆ, ಆದರೆ ಯುರೋಪಿಯನ್ ಒಕ್ಕೂಟದಲ್ಲಿಲ್ಲ. ನಿಮ್ಮ ಸಿಮ್‌ಗೆ ಅಲ್ಲಿ ರೋಮಿಂಗ್ ದುಡ್ಡು ಬೀಳಬಹುದು. ರೈಲು ಸ್ವಿಸ್ ಗಡಿಯ ಬಾಸೆಲ್ ತಲುಪುವ ಮುಂಚೆ ಡೇಟಾ ಆಫ್ ಮಾಡಿ.

4. ಬುತ್ತಿ

ಭಾನುವಾರ ಜರ್ಮನಿಯಲ್ಲಿ ಅಂಗಡಿ ಮುಚ್ಚಿರುತ್ತವೆ. ಶನಿವಾರವೇ ಬ್ರೆಡ್ಡು, ಹಣ್ಣು ತಂದಿಡಿ. ಬ್ರೆಡ್ಡಿಗೆ ಬೆಣ್ಣೆ ಸವರಿ, ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿ, ಒತ್ತಿ ಮುಚ್ಚಿ. ಕಟಕ್ ರೊಟ್ಟಿ ಉಳಿದಿದ್ದರೆ ಮಾತೇ ಬೇರೆ, ಆದರೆ ರೈಲಿನಲ್ಲಿ ಮುರಿದರೆ ಇಡೀ ಬೋಗಿ ತಿರುಗಿ ನೋಡುತ್ತದೆ. ಅಷ್ಟು ನಿಶ್ಶಬ್ದ.

5. ಬಟ್ಟೆ

ಜೀನ್ಸ್ ಹೊಲಿಯುವ ಊರಿನವನಾಗಿ ಹೇಳಬಾರದು, ಆದರೂ ಹೇಳುತ್ತೇನೆ. ಹಿಮದಲ್ಲಿ ಜೀನ್ಸ್ ಬೇಡ. ಒಮ್ಮೆ ಒದ್ದೆಯಾದರೆ ಸಂಜೆವರೆಗೆ ಆರುವುದಿಲ್ಲ. ಚಳಿಗಾಲದ ಜಾಕೆಟ್ ಇಲ್ಲಿ ಕೊಳ್ಳಬೇಡಿ, ಅಲ್ಲೇ ಕೊಳ್ಳಿ.

6. ಸಾಲ್ಜ್‌ಬರ್ಗ್‌ನಲ್ಲಿ ಇಳಿದ ಮೇಲೆ

ಬಸ್ಸು ಬೇಡ, ನಡೆಯಿರಿ. ಮೊದಲು ಮಿರಾಬೆಲ್ ತೋಟ, ಪುಕ್ಕಟೆ. ಅಲ್ಲಿಂದ ಹೊಳೆ ದಾಟಿದರೆ ಗೆಟ್ರೈಡೆಗಾಸೆ ಅನ್ನುವ ಕಿರಿದಾದ ಬೀದಿ. ಒಂಬತ್ತನೇ ನಂಬರಿನ ಹಳದಿ ಮನೆಯಲ್ಲಿ 1756ರಲ್ಲಿ ಸಂಗೀತಗಾರ ಮೊಜಾರ್ಟ್ ಹುಟ್ಟಿದ್ದು. ಮೇಲೆ ಗುಡ್ಡದಲ್ಲಿ ಕಾಣುವ ಕೋಟೆ ಕಟ್ಟಲು ಶುರು ಮಾಡಿದ್ದು 1077ರಲ್ಲಿ. ಹತ್ತಿಸಲು 1892ರಿಂದ ಹಗ್ಗದ ರೈಲಿದೆ. ಏಪ್ರಿಲ್ ಬಿಸಿಲಲ್ಲಿ ಬಳ್ಳಾರಿ ಗುಡ್ಡ ಹತ್ತಿದ ಕಾಲಿಗೆ ಅದು ಬೇಕಾ?

ಮೊಜಾರ್ಟ್ ಹೆಸರಿನ ಚಾಕೊಲೇಟ್ ಉಂಡೆ ಎಲ್ಲ ಅಂಗಡಿಯಲ್ಲೂ ರಾಶಿ ಹಾಕಿರುತ್ತಾರೆ. ಕೆಂಪು-ಬಂಗಾರದ ಕಾಗದದ್ದು ಕಾರ್ಖಾನೆಯದು, ಅದು ಮ್ಯೂನಿಕ್‌ನ ಸೂಪರ್ ಮಾರ್ಕೆಟ್‌ನಲ್ಲೂ ಸಿಗುತ್ತದೆ. 1890ರಲ್ಲಿ ಅದನ್ನು ಮೊದಲು ಮಾಡಿದ ಪಾಲ್ ಫ್ಯೂರ್ಸ್ಟ್ ಅಂಗಡಿಯ ಉಂಡೆಗೆ ಬೆಳ್ಳಿ-ನೀಲಿ ಕಾಗದ, ಇಂದಿಗೂ ಕೈಯಲ್ಲೇ ಮಾಡುತ್ತಾರೆ. ತಿಂದರೆ ಅದನ್ನೇ ತಿನ್ನಿ, ಒಂದೇ ಸಾಕು.

7. ವಾಪಸ್

ಡಿಸೆಂಬರ್‌ನಲ್ಲಿ ನಾಲ್ಕೂವರೆಗೆಲ್ಲ ಕತ್ತಲು. ಕೊನೆಯ ಗಾಡಿಗೆ ಕಾಯಬೇಡಿ. ನೀವು ಹತ್ತುವ ಗಾಡಿಯ ಹಿಂದೆ ಇನ್ನೆರಡು ಗಾಡಿ ಇರುವಂತೆ ಹೊರಡಿ. ಫ್ರೈಲಾಸಿಂಗ್ ಕಥೆ ಹೇಳಿದೆನಲ್ಲ.

ಇದು ರೂಢಿಯಾದ ಮೇಲೆ ಫ್ಯೂಸೆನ್‌ಗೆ ಹೋಗಿ ನಾಯ್‌ಶ್ವಾನ್‌ಸ್ಟೈನ್ ಅರಮನೆ ನೋಡಿ. ದೊರೆ ಎರಡನೇ ಲುಡ್ವಿಗ್ 1869ರಲ್ಲಿ ಕಟ್ಟಲು ಹಚ್ಚಿದ್ದು. ಒಳಗೆ ಗೈಡ್ ಜೊತೆಗೇ ಹೋಗಬೇಕು, ಫೋಟೊ ತೆಗೆಯುವಂತಿಲ್ಲ, ಟಿಕೆಟ್ಟಿನಲ್ಲಿ ಬರೆದ ಸಮಯ ತಪ್ಪಿದರೆ ದುಡ್ಡು ಹೋಯಿತು. ನಾನಾದರೆ ಒಳಗೆ ಹೋಗುವುದಿಲ್ಲ. ಮರೀನ್‌ಬ್ರೂಕೆ ಅನ್ನುವ ಸೇತುವೆ ಮೇಲೆ ನಿಂತರೆ ಅರಮನೆ ಪೂರ್ತಿ ಕಾಣುತ್ತದೆ, ಅದಕ್ಕೆ ಟಿಕೆಟ್ಟಿಲ್ಲ.

ಅಗ್ಗದ ವಿಮಾನದ ಆಸೆ ಹುಟ್ಟಿದಾಗ ವಿಮಾನ ನಿಲ್ದಾಣದ ಹೆಸರನ್ನು ಎರಡು ಸಲ ಓದಿ. ‘ಮ್ಯೂನಿಕ್ ವೆಸ್ಟ್’ ಅಂತ ಮಾರುವುದು ಮೆಮಿಂಗೆನ್ ಅನ್ನುವ ಊರನ್ನು. ಮ್ಯೂನಿಕ್‌ನಿಂದ ಸುಮಾರು 110 ಕಿಲೋಮೀಟರ್. ಕೊಪ್ಪಳದಲ್ಲಿ ಇಳಿಸಿ ಬಳ್ಳಾರಿ ಬಂತು ಅಂದ ಹಾಗೆ.

ರಜೆಗೆ ಊರಿಗೆ ಬರುವವರು ಡಾಯ್ಚ್‌ಲಾಂಡ್ ಟಿಕೆಟ್ ರದ್ದು ಮಾಡುವುದನ್ನು ಮರೆಯುತ್ತಾರೆ. ತಿಂಗಳ 10ನೇ ತಾರೀಕಿನೊಳಗೆ ರದ್ದು ಮಾಡಿದರೆ ಆ ತಿಂಗಳ ಕೊನೆಗೆ ನಿಲ್ಲುತ್ತದೆ. 11ಕ್ಕೆ ನೆನಪಾದರೆ, ನೀವು ಇಲ್ಲಿ ಕೂತು ಮಿರ್ಚಿ ಮಂಡಕ್ಕಿ ತಿನ್ನುವ ತಿಂಗಳಿಗೂ ಅಲ್ಲಿ 63 ಯೂರೊ ಕಟ್.