ಇಳಕಲ್ ಸೆರಗಿನ ಕೆಂಪು ಸರಿಯಾಗಿ ಕಾಣಬೇಕಾದರೆ: ಮಾನಿಟರ್ ಕ್ಯಾಲಿಬ್ರೇಷನ್

ಮದುವೆ ಆಲ್ಬಮ್ ಲ್ಯಾಬಿನಿಂದ ಕಪ್ಪಗೆ ಬಂತೆಂದರೆ ಬೈಗುಳ ಲ್ಯಾಬಿನವರಿಗೆ ಬೀಳುತ್ತದೆ. ಹೆಚ್ಚಿನ ಸಲ ತಪ್ಪು ಇರುವುದು ಎಡಿಟ್ ಮಾಡಿದ ಮಾನಿಟರಿನ ಬ್ರೈಟ್‌ನೆಸ್‌ನಲ್ಲಿ. ಪರದೆ ವಿಪರೀತ ಬೆಳಗುತ್ತಿದ್ದರೆ ನಾವು ಫೋಟೋವನ್ನೇ ಇಳಿಸುತ್ತೇವೆ, ಪ್ರಿಂಟ್ ಮಂಕಾಗುತ್ತದೆ. ಪರದೆಯನ್ನು ಅಳೆದು ಸರಿಯಾದ ಬೆಳಕು-ಬಣ್ಣಕ್ಕೆ ತರುವುದೇ ಕ್ಯಾಲಿಬ್ರೇಷನ್. ಮೊದಲು ಬೆಳಕು, ಆಮೇಲೆ ಬಣ್ಣ.

ಬಾಗಲಕೋಟೆ, ವಿಜಯಪುರದ ಹಗಲು ಬಿಸಿಲು ಪರದೆಗೆ ಬಡಿಯುತ್ತಿದ್ದರೆ ಯಾವ ಉಪಕರಣವೂ ಉಪಯೋಗಕ್ಕೆ ಬಾರದು. ಕಿಟಕಿಗೆ ದಪ್ಪ ಕರ್ಟನ್ ಹಾಕಿ. ಎದುರಿನ ಗೋಡೆ ಗುಲಾಬಿಯೋ ಹಸಿರೋ ಆಗಿದ್ದರೆ ಅದರ ಛಾಯೆ ಪರದೆಯಲ್ಲಿ ಹೊಳೆಯುತ್ತದೆ. ಬೂದು ಅಥವಾ ಬಿಳಿ ಬಣ್ಣ ಒಳ್ಳೆಯದು.

ಮಾನಿಟರ್ ಹಚ್ಚಿ 30 ನಿಮಿಷ ಕಾಯಿಸಿ. ನೈಟ್ ಲೈಟ್, ಡೈನಾಮಿಕ್ ಕಾಂಟ್ರಾಸ್ಟ್, ಆಟೋ ಬ್ರೈಟ್‌ನೆಸ್, ಎಲ್ಲ ಆಫ್. ಮೆನುವಿನಲ್ಲಿ ಫ್ಯಾಕ್ಟರಿ ರೀಸೆಟ್ ಮಾಡಿ ಕಸ್ಟಮ್ ಅಥವಾ ಯೂಸರ್ ಮೋಡ್ ಆರಿಸಿ. ಕಾಂಟ್ರಾಸ್ಟ್ ಮುಟ್ಟಬೇಡಿ.

ಈಗ ಕಲರಿಮೀಟರ್, ಅಂದರೆ ಪರದೆಗೆ ಆನಿಸಿ ಬಣ್ಣ-ಬೆಳಕು ಅಳೆಯುವ ಪುಟ್ಟ ಉಪಕರಣ. ಸ್ಪೈಡರ್, ಕ್ಯಾಲಿಬ್ರೈಟ್ ಯಾವುದಾದರೂ ಆದೀತು. ಅದರದೇ ಸಾಫ್ಟ್‌ವೇರ್ ಅಥವಾ ಉಚಿತವಾಗಿ ಸಿಗುವ ಡಿಸ್‌ಪ್ಲೇಕ್ಯಾಲ್. ಗುರಿ: ವೈಟ್ ಪಾಯಿಂಟ್ (ಬಿಳಿಯ ಛಾಯೆ) ಡಿ65, ಅಂದರೆ ಹಗಲಿನ ಬಿಳಿ; ಗಾಮಾ (ಕಪ್ಪಿಗೂ ಬಿಳಿಗೂ ನಡುವಿನ ಬೆಳಕಿನ ಏರಿಕೆ) 2.2; ಬೆಳಕು ಪ್ರತಿ ಚದರ ಮೀಟರಿಗೆ 100–120 ಕ್ಯಾಂಡೆಲಾ. ಮಬ್ಬುಗತ್ತಲ ಕೋಣೆಗೆ 80 ಸಾಕು. ಸಾಫ್ಟ್‌ವೇರ್ ಬ್ಯಾಕ್‌ಲೈಟ್ (ಪರದೆಯ ಹಿಂದಿನ ದೀಪ) ಯಾವುದೆಂದು ಕೇಳಿದಾಗ ಅಂದಾಜಿನಲ್ಲಿ ಒತ್ತಬೇಡಿ. ಸಾಮಾನ್ಯ ಮಾನಿಟರಿಗೆ ವೈಟ್ ಎಲ್‌ಇಡಿ, ಹೆಚ್ಚು ಬಣ್ಣ ತೋರಿಸುವ ವೈಡ್ ಗ್ಯಾಮಟ್ ಮಾನಿಟರಿಗೆ ಬೇರೆ. ಇಲ್ಲಿ ತಪ್ಪಿದರೆ ಬಿಳಿ ಬಣ್ಣ ಹಸಿರಿಗೋ ಗುಲಾಬಿಗೋ ವಾಲುತ್ತದೆ.

ಪರದೆಯನ್ನು ತುಸು ಹಿಂದಕ್ಕೆ ಬಾಗಿಸಿ, ಮೀಟರ್ ಗಾಜಿಗೆ ಸಪಾಟಾಗಿ ಕೂಡುವಂತೆ ಮಾಡಿ. ಸಂದಿನಲ್ಲಿ ಬೆಳಕು ನುಸುಳಿದರೆ ಕಪ್ಪಿನ ಅಳತೆ ಕೆಡುತ್ತದೆ. ಬ್ರೈಟ್‌ನೆಸ್, ಕೆಂಪು-ಹಸಿರು-ನೀಲಿ ಗೇನ್‌ಗಳನ್ನು (ಆಯಾ ಬಣ್ಣದ ಪ್ರಮಾಣ) ಮಾನಿಟರಿನ ಗುಂಡಿಯಿಂದಲೇ ಗುರಿಯ ಹತ್ತಿರ ತನ್ನಿ, ಗೇನ್‌ಗಳನ್ನು ಸಾಧ್ಯವಾದಷ್ಟೂ ಏರಿಸದೆ ಇಳಿಸುತ್ತ. ತಿದ್ದುಪಡಿಯ ಇಡೀ ಭಾರ ಗ್ರಾಫಿಕ್ಸ್ ಕಾರ್ಡಿಗೆ ಬಿಟ್ಟರೆ ಆಕಾಶದ ನೀಲಿಯಲ್ಲಿ ಪಟ್ಟಿಪಟ್ಟಿ ಏಳುತ್ತವೆ. ಲ್ಯಾಪ್‌ಟಾಪಿಗೆ ಗೇನ್ ಗುಂಡಿಗಳಿರುವುದಿಲ್ಲ. ಬ್ರೈಟ್‌ನೆಸ್ ಇಳಿಸಿ ಮುಂದೆ ಹೋಗಿ. ಕೊನೆಗೆ ಪ್ರೊಫೈಲ್, ಅಂದರೆ ನಿಮ್ಮ ಪರದೆಯ ಬಣ್ಣದ ಅಳತೆಯ ಫೈಲ್, ಸೇವ್ ಮಾಡಿ. ಬೇರೆ ಮಾನಿಟರಿನ ಪ್ರೊಫೈಲ್ ತಂದು ಹಾಕುವುದು ಪಕ್ಕದವರ ಚಷ್ಮಾ ಹಾಕಿಕೊಂಡಂತೆ.

ಇನ್ನು ಬಹಳ ಮಂದಿ ಮಾಡುವ ತಪ್ಪು. ಇಳಕಲ್ ಸೀರೆಯ ಕೆಂಪು-ಬಿಳಿ ಟೋಪ್ ತೆನಿ ಸೆರಗನ್ನು ಪಕ್ಕದಲ್ಲಿ ಹಿಡಿದು, ಅದಕ್ಕೆ ಹೊಂದುವವರೆಗೆ ಮಾನಿಟರಿನ ಬಣ್ಣ ತಿರುವುತ್ತಾರೆ. ಜೋಳ ಕಡಿಮೆ ತೂಗಿತೆಂದು ತಕ್ಕಡಿಯ ಮುಳ್ಳು ಬಗ್ಗಿಸಿದಂತಾಯಿತು! ಸೆರಗು ಕಿತ್ತಳೆಗೆ ತಿರುಗಿದ್ದರೆ ಫೋಟೋದ ವೈಟ್ ಬ್ಯಾಲೆನ್ಸ್ ನೋಡಿ. ಕೆಂಪು ಚಾನೆಲ್ ತನ್ನ ಗರಿಷ್ಠ 255ಕ್ಕೆ ತಾಗಿ ನೇಯ್ಗೆಯ ಎಳೆಗಳು ಬಳಿದಂತೆ ಒಂದಾಗಿದ್ದರೆ ರಾ ಫೈಲಿನಲ್ಲಿ (ಕ್ಯಾಮೆರಾದ ಮೂಲ ಫೈಲ್) ಎಕ್ಸ್‌ಪೋಶರ್ ಇಳಿಸಿ. ಮಾನಿಟರ್ ಇದ್ದಲ್ಲೇ ಇರಲಿ.

ಪರೀಕ್ಷೆಗೆ ಕಪ್ಪಿನಿಂದ ಬಿಳಿಯವರೆಗಿನ ಬೂದು ಪಟ್ಟಿ ತೆರೆಯಿರಿ. ನಡುವೆ ಎಲ್ಲೂ ಬಣ್ಣದ ಛಾಯೆ ಕಾಣಬಾರದು. ಕಂಡರೆ ಎರಡು ಕಡೆ ತಿದ್ದುಪಡಿ ನಡೆದಿದೆಯೇ ಎಂದು ಗ್ರಾಫಿಕ್ಸ್ ಕಾರ್ಡಿನ ಬಣ್ಣದ ಸೆಟ್ಟಿಂಗ್ ನೋಡಿ. ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ. ಲ್ಯಾಬಿನಿಂದ ಅವರ ಪ್ರಿಂಟರ್ ಪ್ರೊಫೈಲ್ ಕೇಳಿ ಪಡೆದು ಸಾಫ್ಟ್ ಪ್ರೂಫ್, ಅಂದರೆ ಪ್ರಿಂಟ್ ಹೇಗೆ ಬರುತ್ತದೆಂಬುದನ್ನು ಪರದೆಯಲ್ಲೇ, ನೋಡಿ, ಆಲ್ಬಮ್ಮಿಗಿಂತ ಮೊದಲು ಒಂದೇ ಒಂದು ಪ್ರಿಂಟ್ ತೆಗೆಸಿ.