ಕೈಗೆ ಪೆಟ್ಟಾದಾಗ ನರ ಪರೀಕ್ಷಿಸುವುದು ಹೇಗೆ?

ತಿಪಟೂರು, ತುರುವೇಕೆರೆ ಕಡೆಯ ತೋಟಗಳಲ್ಲಿ ಯಾರಾದರೂ ತೆಂಗಿನ ಮರದಿಂದ ಬಿದ್ದರೆ ಮೂಳೆ ಮುರಿದಿದೆಯೇ ಎಂದು ಎಲ್ಲರೂ ನೋಡುತ್ತಾರೆ. ಬೆರಳು ಆಡುತ್ತಿದೆಯೇ ಎಂದು ಕೇಳುವವರು ಕಡಿಮೆ. ಕುತ್ತಿಗೆಯ ಬಳಿ ಬೆನ್ನುಹುರಿಯಿಂದ ಹೊರಡುವ 5 ನರಬೇರುಗಳು ಕಂಕುಳವರೆಗೆ ಹೆಣೆದುಕೊಂಡು ಸಾಗಿ, ಕವಲೊಡೆದು ತೋಳಿಗೆ ಇಳಿಯುತ್ತವೆ. ಹಸ್ತವನ್ನು ಆಡಿಸುವ ಮೂರು ಕವಲುಗಳನ್ನು ಮನೆಯವರೇ ಪರೀಕ್ಷಿಸಬಹುದು. ರಕ್ತ ಸುರಿಯುತ್ತಿದ್ದರೆ ಮಾತ್ರ ಮೊದಲು ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಬೇಕು.

ಮೊದಲನೆಯದು ರೇಡಿಯಲ್ ನರ. ತೋಳಿನ ಮೂಳೆಯ ನಡುಭಾಗಕ್ಕೆ ಅಂಟಿಕೊಂಡಂತೆ ಸುತ್ತಿಬರುವುದರಿಂದ ಅಲ್ಲಿ ಮೂಳೆ ಮುರಿದಾಗ ಇದಕ್ಕೂ ಪೆಟ್ಟು ಬೀಳುವುದುಂಟು. ಮುಂದೋಳಿಗೆ ಆಸರೆ ಕೊಟ್ಟು, ಅಂಗೈ ಕೆಳಮುಖವಾಗಿರುವಾಗ ಮಣಿಕಟ್ಟನ್ನು ಮೇಲಕ್ಕೆತ್ತಲು ಹೇಳಿ. ಹಸ್ತ ಜೋತುಬಿದ್ದರೆ ಈ ನರದ ಮೇಲೆ ಅನುಮಾನ ಪಡಬೇಕು.

ನಂತರ ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ಸೇರಿಸಿ ದುಂಡನೆಯ ಉಂಗುರ ಮಾಡಿಸಿ, ತೋರುಬೆರಳ ತುದಿಯನ್ನು ಹತ್ತಿಯಿಂದ ಸವರಿ. ಇದು ಮೀಡಿಯನ್ ನರದ ಪರೀಕ್ಷೆ. ಕಾಯಿ ಸುಲಿಯುವಾಗ ಮಚ್ಚು ಮಣಿಕಟ್ಟಿಗೆ ತಗುಲಿದ್ದರೆ ಇಲ್ಲಿ ಮೋಸಹೋಗುವ ಸಂಭವ ಹೆಚ್ಚು: ಬೆರಳು ಮಡಿಸುವ ಸ್ನಾಯುಗಳಿಗೆ ಕವಲುಗಳು ಮುಂದೋಳಿನಲ್ಲೇ ಸೇರಿಬಿಟ್ಟಿರುವುದರಿಂದ, ನರ ತುಂಡಾಗಿದ್ದರೂ ಬೆರಳು ಮಡಿಸಲು ಬರಬಹುದು, ಉಂಗುರವೂ ಆಗಬಹುದು. ಆದ್ದರಿಂದ ಅಲ್ಲಿ ಸ್ಪರ್ಶಜ್ಞಾನವನ್ನೇ ನಂಬಬೇಕು. ಗಾಯ ಚಿಕ್ಕದೆಂದು ಚರ್ಮಕ್ಕಷ್ಟೇ ಹೊಲಿಗೆ ಹಾಕಿಸಿಕೊಂಡು ಬಂದರೆ ಒಳಗಿನ ನರ ಹಾಗೆಯೇ ಉಳಿದುಬಿಡುತ್ತದೆ.

ಕೊನೆಗೆ ಬೆರಳುಗಳನ್ನು ಅಗಲಿಸಲು ಹೇಳಿ, ಕಿರುಬೆರಳ ತುದಿಯ ಸ್ಪರ್ಶ ನೋಡಿ. ಮೊಣಕೈ ಗೋಡೆಗೆ ತಗುಲಿದಾಗ ಜುಮ್ಮೆನ್ನುವುದು ಇದೇ ಅಲ್ನಾರ್ ನರ. ಹಾನಿ ಹಳೆಯದಾದಂತೆ ಕಿರುಬೆರಳು, ಉಂಗುರಬೆರಳು ಕೊಕ್ಕೆಯಂತೆ ಬಾಗುತ್ತವೆ.

ಭುಜದ ಕೀಲು ಜಾರಿದ್ದರೆ ಭುಜದ ಹೊರಬದಿಯ ಚರ್ಮ ಮರಗಟ್ಟಿದೆಯೇ ಎಂದೂ ಗಮನಿಸಿ. ಅದು ಆಕ್ಸಿಲರಿ ನರದ ಸೂಚನೆ.

ಮುರಿದ ಕೈಗೆ ಬಿದಿರು ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿಸಿಕೊಳ್ಳುವವರು ಈಗಲೂ ಇದ್ದಾರೆ. ಕಟ್ಟಿದ ಮೇಲೆ ನೋವು ಏರುತ್ತಿದ್ದರೆ, ಬೆರಳನ್ನು ಬೇರೆಯವರು ನೆಟ್ಟಗೆ ಚಾಚಿಸಿದಾಗ ಪ್ರಾಣ ಹೋಗುವಂತಾದರೆ, ಬೆಳಗಾಗಲಿ ಎಂದು ಕಾಯದೆ ಕಟ್ಟು ಸಡಿಲಿಸಿ ಆಸ್ಪತ್ರೆಗೆ ಹೊರಡಬೇಕು.

ತುಂಡಾದ ನರವನ್ನು ಬೇಗ ಹೊಲಿದಷ್ಟೂ ಒಳ್ಳೆಯದು. ಜಜ್ಜಿದ ನರ ಅನೇಕ ವೇಳೆ ತಾನೇ ಚೇತರಿಸಿಕೊಳ್ಳುತ್ತದೆ, ಆದರೆ ಹೊಸ ಎಳೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ತಿಂಗಳುಗಟ್ಟಲೆ ಕಾಯುವ ಆ ಅವಧಿಯಲ್ಲಿ ಕೀಲುಗಳು ಬಿಗಿಯದಂತೆ ಪಟ್ಟಿ, ವ್ಯಾಯಾಮ ಎರಡೂ ಬೇಕು. ಪರೀಕ್ಷಿಸಿದ ಹೊತ್ತನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಕಟ್ಟುವ ಮುನ್ನ ಏಳುತ್ತಿದ್ದ ಬೆರಳು ಕಟ್ಟಿದ ಮೇಲೆ ಏಳಲಿಲ್ಲ ಎಂಬ ಮಾತು ವೈದ್ಯರಿಗೆ ಎಕ್ಸ್‌ರೇಯಲ್ಲಿ ಸಿಗುವುದಿಲ್ಲ.