ಎರಿ ಹೊಲದಿಂದ ಅಳೆದ ಸೂಪರ್‌ನೋವಾ: ನನ್ನ ಅನುಭವ

ಸೂಪರ್‌ನೋವಾ, ಅಂದರೆ ಸಿಡಿದ ನಕ್ಷತ್ರದ ಬೆಳಕನ್ನು ನಾನೇ ಅಳೆಯುತ್ತೇನೆ ಅಂದಾಗ, "ಸರ್, ಇದು ಲಡಾಖಿನ ಹಾನ್ಲೆ ವೀಕ್ಷಣಾಲಯದವರ ಕೆಲಸರಿ, ಕೊಪ್ಪಳದ ಮಾಳಿಗಿ ಮ್ಯಾಲೆ ಆಗೂದಲ್ಲ" ಅಂತ ಹೊಸಪೇಟೆಯ ಗೆಳೆಯರೊಬ್ಬರು ಖಡಾಖಂಡಿತ ಹೇಳಿದ್ದರು. ಮಾಳಿಗೆಯ ಮಟ್ಟಿಗೆ ಅವರ ಮಾತು ನಿಜ. ಗಿಣಿಗೇರಿ ಕಡೆಯ ಕಾರ್ಖಾನೆಗಳ ಬೆಳಕಿಗೆ ಪೂರ್ವ ದಿಕ್ಕು ರಾತ್ರಿಯಿಡೀ ಕೆಂಪು, ಮೇಲೆ ಧೂಳು. ಹಾಗಾಗಿ ಕುಕನೂರು ಹತ್ತಿರದ ನಮ್ಮ ಮಾವನವರ ಹೊಲ ಹಿಡಿದೆ.

ಮೊದಲ ಬೇಸಿಗೆ ಪೂರ್ತಿ ಹಾಳು. ಎರಿ ಭೂಮಿ ಬಿರುಕು ಬಿಟ್ಟಿರುತ್ತೆ. ಅರ್ಧ ತಾಸಿನಲ್ಲಿ ಟ್ರೈಪಾಡಿನ ಒಂದು ಕಾಲು ಬೆರಳಷ್ಟು ಇಳಿದಿರುತ್ತಿತ್ತು. ನಕ್ಷತ್ರಗಳೆಲ್ಲ ಅಕ್ಕಿಕಾಳಿನಂತೆ ಉದ್ದ. ಇಳಕಲ್ ಕಡೆಯಿಂದ ಮೂರು ಗ್ರಾನೈಟ್ ತುಂಡು ತರಿಸಿ, ಮೊಳದಷ್ಟು ಅಗೆದು ಗರಸು ತುಂಬಿ ಕೂಡಿಸಿದ ಮೇಲೆ ಅಲುಗಾಡಲಿಲ್ಲ. ಅದಕ್ಕೆ ಎರಡು ಸಾವಿರ ಚಿಲ್ಲರೆ. ಆರು ಇಂಚಿನ ಸೆಕೆಂಡ್ ಹ್ಯಾಂಡ್ ನ್ಯೂಟೋನಿಯನ್ ದೂರದರ್ಶಕ ಸುಮಾರು 20 ಸಾವಿರ, ಅದನ್ನು ಹೊತ್ತು ನಕ್ಷತ್ರದ ಜೊತೆ ತಿರುಗಿಸುವ ಮೌಂಟ್ 60 ದಾಟಿತು, ಡಿಎಸ್‌ಎಲ್‌ಆರ್ ಕ್ಯಾಮೆರಾ ಮನೆಯದೇ. ಟ್ರ್ಯಾಕ್ಟರ್ ಬ್ಯಾಟರಿಗೆ ತಂತಿ ಅದಲುಬದಲು ಕೊಟ್ಟು ಮೌಂಟಿನ ಬೋರ್ಡ್ ಸುಟ್ಟ ರಾತ್ರಿ ಏಳೆಂಟು ಸಾವಿರ ಹೋಯಿತು. ಆ ವಾಸನೆ ಇನ್ನೂ ಮೂಗಿನಲ್ಲಿದೆ.

ಆದರೆ ಕೆಲಸ ಗೆಲ್ಲಿಸಿದ್ದು ಸಾಮಾನಲ್ಲ, ಮುಂಚೆಯೇ ತೆಗೆದಿಟ್ಟ ಚಿತ್ರ. ಸ್ಫೋಟದ ಸುದ್ದಿ ಬಂದ ಮೇಲಷ್ಟೇ ಕ್ಯಾಮೆರಾ ಹಿಡಿದರೆ ಗೆಲಾಕ್ಸಿಯ ತೋಳಿನ ಬೆಳಕೂ ಅಳತೆಯೊಳಗೆ ಸೇರಿಬಿಡುತ್ತೆ. ಹಳೆಯ ಚಿತ್ರ ಇದ್ದರೆ ಹೊಸದರಿಂದ ಅದನ್ನು ಕಳೆದು ಸ್ಫೋಟದ ಬೆಳಕನ್ನಷ್ಟೇ ಉಳಿಸಬಹುದು. ಅದಕ್ಕೇ ಏನೂ ಇಲ್ಲದ ರಾತ್ರಿಗಳಲ್ಲಿ ಅದೇ ಕೊಳವೆ, ಅದೇ ಕ್ಯಾಮೆರಾ, ಅದೇ 30 ಸೆಕೆಂಡ್ ಎಕ್ಸ್‌ಪೋಷರ್ ಇಟ್ಟು ಗೆಲಾಕ್ಸಿಗಳನ್ನು ಒಂದೊಂದಾಗಿ ತೆಗೆಯುತ್ತಿದ್ದೆ. "ಅದೇ ಅದೇ ಫೋಟೋ ಯಾಕ್ರಿ?" ಅಂತ ಕೇಳದವರಿಲ್ಲ.

2023ರ ಮೇ 19ರಂದು ಜಪಾನಿನ ಕೊಯಿಚಿ ಇಟಗಾಕಿ ಎಂ 101 ಗೆಲಾಕ್ಸಿಯಲ್ಲಿ ಎಸ್‌ಎನ್ 2023ಐಎಕ್ಸ್‌ಎಫ್ ಎಂಬ ಸೂಪರ್‌ನೋವಾ ಕಂಡುಹಿಡಿದರು. ನನ್ನ ಬಳಿ ಅದೇ ಗೆಲಾಕ್ಸಿಯ ಮಾರ್ಚಿನ ಎಂಬತ್ತು ಫ್ರೇಮ್ ತಯಾರಿದ್ದವು! 21ಕ್ಕೆ ಹೊಲದಲ್ಲಿದ್ದೆ. ರಾತ್ರಿ ಹತ್ತೂವರೆಗೆ ಎಂ 101 ಉತ್ತರದಲ್ಲಿ 50 ಡಿಗ್ರಿ ಎತ್ತರಕ್ಕೆ ಬರುತ್ತೆ. ಹೊಸ ಚಿತ್ರದ ಹಸಿರು ಬಣ್ಣದ ಭಾಗವನ್ನಷ್ಟೇ ಬೇರೆ ಮಾಡಿ ಮಾರ್ಚಿನದನ್ನು ಕಳೆದೆ. ಗೆಲಾಕ್ಸಿ ಪೂರ್ತಿ ಅಳಿಸಿಹೋಗಿ ಬೂದು ಪರದೆಯಲ್ಲಿ ಒಂದೇ ಚುಕ್ಕಿ ಉಳಿಯಿತು. ಎರಡು ಕೋಟಿ ವರ್ಷ ದಾರಿ ಸವೆಸಿ ಬಂದ ಬೆಳಕು ಅದು, ಮೈ ಜುಮ್ಮೆಂದಿತು. 24ರ ಹೊತ್ತಿಗೆ ಮ್ಯಾಗ್ನಿಟ್ಯೂಡ್ (ಹೊಳಪಿನ ಅಳತೆ, ಅಂಕಿ ಇಳಿದಷ್ಟೂ ಹೊಳಪು ಹೆಚ್ಚು) 11ರ ಆಸುಪಾಸು. ಹೊಳಪು ಬದಲಾಗುವ ನಕ್ಷತ್ರಗಳ ವೀಕ್ಷಕರ ಅಮೆರಿಕದ ಸಂಘ ಎಎವಿಎಸ್‌ಒ, ಅದರ ಹೊಳಪಿನ ರೇಖೆಯ ಮೇಲಿಟ್ಟು ನೋಡಿದರೆ ನನ್ನ ಬಿಂದುಗಳು 0.1ರ ಆಚೆ ಹೋಗಿರಲಿಲ್ಲ. ಆರು ಇಂಚಿಗೆ ಇದು ಸಣ್ಣ ಮಾತಲ್ಲ.

ಮೇ ಸೆಖೆಗೆ ಸೆನ್ಸರ್ ಕಾದು ಚಿತ್ರದ ತುಂಬ ಸುಳ್ಳು ಚುಕ್ಕಿಗಳು ಬರುತ್ತವೆ. ನೀರಿನ ಹರವಿಯಿಂದ ಅದಕ್ಕೊಂದು ದಾರಿ ಮಾಡಿಕೊಂಡೆ. ಹೇಗೆ ಅನ್ನೋದು ಸದ್ಯ ನನ್ನ ಬಳಿಯೇ ಇರಲಿ.

ನಡುವೆ ಬೇರೆ ಪ್ರಯತ್ನಗಳೂ ಆದವು. 2022ರ ಅಕ್ಟೋಬರ್ 9ರ ಗಾಮಾ ಕಿರಣ ಸ್ಫೋಟ, ಜಿಆರ್‌ಬಿ 221009ಎ, ಅದರ ನಂತರದ ಮಿನುಗನ್ನು ಹಿಡಿಯಲು ಎರಡು ರಾತ್ರಿ ಕಾದೆ. ಹುಣ್ಣಿಮೆ, ಮೋಡ, ಸಾಲದ್ದಕ್ಕೆ ಅಡ್ಡಕ್ಕೆ ನಮ್ಮ ಆಕಾಶಗಂಗೆಯ ಧೂಳು. ಏನೂ ಸಿಗಲಿಲ್ಲ. ಇನ್ನೊಮ್ಮೆ ಸಿಂಹ ರಾಶಿಯ ಎಂ 66 ಗೆಲಾಕ್ಸಿಯ ಪಕ್ಕ ಹೊಸ ಚುಕ್ಕಿ ಕಂಡು ನಿದ್ದೆಗೆಟ್ಟೆ. ಎರಡು ತಾಸು ಬಿಟ್ಟು ನೋಡಿದರೆ ಸರಿದಿತ್ತು, ಕ್ಷುದ್ರಗ್ರಹ. ಸಿಂಹ ರಾಶಿಯಲ್ಲಿ ಹುಡುಕುವವರು ಮೊದಲು ಅದು ಕ್ಷುದ್ರಗ್ರಹವೇ ಅಂತ ತಾಳೆ ನೋಡಿ.

ಎಂ 101ರ ಆ ಸೂಪರ್‌ನೋವಾ ಅಳೆಯಲು ಜೂನ್ ಮೋಡ ಕವಿಯುವ ತನಕ ಹನ್ನೊಂದು ರಾತ್ರಿ ಸಿಕ್ಕವು. ಹೊಸಪೇಟೆಯ ಗೆಳೆಯರು ಈಗ ಎಂ 51, ಎಂ 81 ಗೆಲಾಕ್ಸಿಗಳ ಚಿತ್ರ ತೆಗೆದಿಡುತ್ತಿದ್ದಾರೆ. ಒಂದು ರಾತ್ರಿಯ ಚಿತ್ರದಿಂದ ಇನ್ನೊಂದನ್ನು ಕಳೆದಾಗ ನಕ್ಷತ್ರಗಳ ಸುತ್ತ ಕಪ್ಪು ಉಂಗುರ ಬರುತ್ತಂತೆ. ಎರಡೂ ರಾತ್ರಿಯ ಫೋಕಸ್ ಒಂದೇ ಇರಲಿಲ್ಲ ಅಂತ ಅರ್ಥ, ಮೊದಲು ಅದನ್ನು ಸರಿಮಾಡ್ರಿ ಅಂದಿದ್ದೇನೆ.